ಹೊಗೆ ಉಗುಳುವ ಇಂಜಿನ್ನಿನ ಮೇಲೆ ಇಷ್ಟೊಂದು ಮೋಹ ಯಾಕೆ?

ಕಪ್ಪು ಹೊಗೆ ಯಾರಿಗಾದರೂ ಇಷ್ಟವಾಗುತ್ತದಾ? ರೈಲಿನ ಹುಚ್ಚು ಹತ್ತಿದವರನ್ನು ಕೇಳಿ ನೋಡಿ. ಹಳೆಯ ಡೀಸೆಲ್ ಇಂಜಿನ್ ಒಂದು ಗೂಡ್ಸ್ ಗಾಡಿಯನ್ನು ಎಳೆದುಕೊಂಡು ಹೊರಡುವ ವಿಡಿಯೋ ಹಾಕಿ ಅವರ ಮುಖ ನೋಡಿ. ಹೊಗೆ ದಟ್ಟವಾದಷ್ಟೂ ಮುಖ ಅರಳುತ್ತದೆ. ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳಿ 'ಇದು ಆಲ್ಕೋ ಕಂಪನಿಯ ಇಂಜಿನ್' ಅಂತ ಹೇಳಿಬಿಡುವವರು ಇದ್ದಾರೆ. 'ಎರಡು ಇಂಜಿನ್ ಇದೆ, ಹಿಂದಿನದಕ್ಕೆ ಹುಷಾರಿಲ್ಲ' ಅನ್ನುವ ಮಟ್ಟಕ್ಕೂ ಕೆಲವರು ಹೋಗುತ್ತಾರೆ.

ಹೊರಗಿನವರಿಗೆ ಇದೆಲ್ಲ ವಿಚಿತ್ರ. ಹೊಗೆ, ಗದ್ದಲ, ಎಣ್ಣೆ ವಾಸನೆ, ಗೇಟಿನಲ್ಲಿ ಮುಗಿಯದ ಕಾಯುವಿಕೆ. ಇದರಲ್ಲಿ ಹಂಬಲಿಸುವಂಥದ್ದು ಏನಿದೆ? ಚಿಕ್ಕಂದಿನ ನೆನಪು ಅಂತ ಹೇಳಿ ಮುಗಿಸಬಹುದು. ಹತ್ತರಿಂದ ಇಪ್ಪತ್ತೈದು ವಯಸ್ಸಿನ ನಡುವೆ ಕಂಡದ್ದು, ಕೇಳಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ ಅನ್ನುವುದು ನಿಜ. ಆದರೆ ಅಷ್ಟೇ ಆಗಿದ್ದರೆ ಆ ಕಾಲದ ಎಲ್ಲ ಯಂತ್ರಗಳ ಮೇಲೂ ಇದೇ ಮೋಹ ಇರಬೇಕಿತ್ತು. ಹಳೆಯ ಫ್ಯಾಕ್ಸ್ ಯಂತ್ರಕ್ಕೆ ಯಾರೂ ಕಣ್ಣೀರಿಡುವುದಿಲ್ಲ ಅಲ್ವಾ?

ನನ್ನ ಪ್ರಕಾರ ಗುಟ್ಟು ಆ ಇಂಜಿನ್ನಿನ ಒಳಗೇ ಇದೆ. ಅದು ತಾನು ಪಡುತ್ತಿದ್ದ ಪಾಡನ್ನು ಬಚ್ಚಿಡುತ್ತಿರಲಿಲ್ಲ. ಹಳಿಯ ಪಕ್ಕದಲ್ಲಿ ಸುಮ್ನೆ ನಿಂತವನಿಗೂ ಅದರ ದುಡಿಮೆ ಕೇಳಿಸುತ್ತಿತ್ತು, ಕಾಣಿಸುತ್ತಿತ್ತು. ಕಿವಿ ಪಳಗಿದವರು ಅದನ್ನು ಓದಬಲ್ಲವರಾಗಿದ್ದರು. ಹೇಗೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಸ್ಕೆನೆಕ್ಟಡಿಯಿಂದ ಬನಾರಸ್ಸಿಗೆ

ಆಲ್ಕೋ ಅಂದರೆ ಅಮೆರಿಕನ್ ಲೋಕೋಮೋಟಿವ್ ಕಂಪನಿ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಅನ್ನುವ ಊರಿನಲ್ಲಿ ಇದರ ಕಾರ್ಖಾನೆ ಇತ್ತು. ಉಗಿಬಂಡಿಯ ಕಾಲದಲ್ಲಿ ದೊಡ್ಡ ಹೆಸರು. ಡೀಸೆಲ್ ಕಾಲ ಬಂದಾಗ ಜನರಲ್ ಮೋಟಾರ್ಸ್ ಮುಂದೆ ಓಡಿತು, ಇದು ಹಿಂದೆ ಬಿತ್ತು. ಆದರೆ ನಮ್ಮ ದೇಶಕ್ಕೆ ದೊಡ್ಡ ಮಟ್ಟದಲ್ಲಿ ಬಂದದ್ದು ಹಿಂದೆ ಬಿದ್ದ ಈ ಕಂಪನಿಯ ಇಂಜಿನ್ನೇ. 1957-58ರ ಹೊತ್ತಿಗೆ ಡಬ್ಲ್ಯುಡಿಎಂ-1 ಹೆಸರಿನ 100 ಇಂಜಿನ್‌ಗಳು ಬಂದವು. 1962ರಲ್ಲಿ ಡಬ್ಲ್ಯುಡಿಎಂ-2 ಬಂತು. 16 ಸಿಲಿಂಡರ್, 2,600 ಅಶ್ವಶಕ್ತಿ, ತೂಕ ಸುಮಾರು 113 ಟನ್. ತಂತ್ರಜ್ಞಾನವನ್ನೂ ಕೊಡಲು ಆಲ್ಕೋ ಒಪ್ಪಿತು. ಬನಾರಸ್ಸಿನ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ಮೊದಲ ಇಂಜಿನ್ ತಯಾರಾಗಿ, 1964ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅದನ್ನು ದೇಶಕ್ಕೆ ಅರ್ಪಿಸಿದರು. ಅವರು ಪ್ರಧಾನಿಯಾಗಲು ಇನ್ನೂ ಕೆಲವು ತಿಂಗಳು ಬಾಕಿ ಇತ್ತು.

ಮಜಾ ನೋಡಿ. 1969ರಲ್ಲಿ ಆಲ್ಕೋ ಸ್ಕೆನೆಕ್ಟಡಿಯಲ್ಲಿ ಇಂಜಿನ್ ಮಾಡುವುದನ್ನೇ ನಿಲ್ಲಿಸಿತು. ಬನಾರಸ್ಸಿನವರು ಮಾತ್ರ ಮುಂದೆ ಹಲವು ದಶಕ ಅದನ್ನೇ ಮಾಡುತ್ತಾ ಹೋದರು. ಡಬ್ಲ್ಯುಡಿಎಂ-2 ಒಂದೇ 2,500ಕ್ಕೂ ಜಾಸ್ತಿ ಆದವು. ಅದರೊಳಗಿನ ಆಲ್ಕೋದ 251 ಸರಣಿಯ ಡೀಸೆಲ್ ಇಂಜಿನ್ನನ್ನೇ ತಿದ್ದಿ ತೀಡಿ 3,100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಮಾಡಿದರು. ಗೂಡ್ಸ್ ಗಾಡಿಗೆಂದೇ ಡಬ್ಲ್ಯುಡಿಜಿ-3ಎ ಮಾಡಿದರು. ಮೀಟರ್ ಗೇಜಿಗೆ 6 ಸಿಲಿಂಡರಿನ ವೈಡಿಎಂ-4 ಇತ್ತು. ಇವೆಲ್ಲವನ್ನೂ ರೈಲು ಪ್ರಿಯರು ಒಟ್ಟಾಗಿ ಆಲ್ಕೋ ಅನ್ನುತ್ತಾರೆ.

ಈ ಹೆಸರುಗಳು ಗೊಂದಲ ಹುಟ್ಟಿಸುತ್ತವೆ, ಆದರೆ ಸುಲಭ. ಡಬ್ಲ್ಯು ಅಂದರೆ ಬ್ರಾಡ್ ಗೇಜ್, ವೈ ಅಂದರೆ ಮೀಟರ್ ಗೇಜ್. ಡಿ ಅಂದರೆ ಡೀಸೆಲ್. ಎಂ ಇದ್ದರೆ ಪ್ಯಾಸೆಂಜರ್, ಗೂಡ್ಸ್ ಎರಡಕ್ಕೂ ಆಗುವಂಥದ್ದು, ಜಿ ಇದ್ದರೆ ಗೂಡ್ಸ್ ಮಾತ್ರ. ಕೊನೆಯ 3ಎ ಅನ್ನುವುದು 3,100 ಅಶ್ವಶಕ್ತಿಯ ಗುರುತು.

ಡಬ್ಲ್ಯುಡಿಎಂ-3ಎ ಮತ್ತು ಡಬ್ಲ್ಯುಡಿಜಿ-3ಎ ಎರಡಕ್ಕೂ ಶಕ್ತಿ ಒಂದೇ. ವ್ಯತ್ಯಾಸ ಇರುವುದು ಗೇರಿನ ಅನುಪಾತದಲ್ಲಿ, ಚಕ್ರಗಳನ್ನು ಹಿಡಿದಿಡುವ ಚೌಕಟ್ಟಿನಲ್ಲಿ, ತೂಕದಲ್ಲಿ. ಮೊದಲನೆಯದು ಗಂಟೆಗೆ 120 ಕಿ.ಮೀ. ಓಡಬಲ್ಲದು. ಎರಡನೆಯದರ ಮಿತಿ 100. ಆದರೆ ಇದು 123 ಟನ್ ತೂಗುತ್ತದೆ, ಹಳಿಯನ್ನು ಗಟ್ಟಿಯಾಗಿ ಕಚ್ಚುತ್ತದೆ, ಜಾಸ್ತಿ ಎಳೆಯುತ್ತದೆ. ಗೂಡ್ಸ್ ಗಾಡಿಗೆ ವೇಗಕ್ಕಿಂತ ಹಿಡಿತ ಮುಖ್ಯ.

ಆ ಹೊಗೆ ಎಲ್ಲಿಂದ ಬರುತ್ತದೆ

ಡೀಸೆಲ್ ರೈಲು ಇಂಜಿನ್ ಅಂದರೆ ನಿಜಕ್ಕೂ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುವ ವಿದ್ಯುತ್ ಇಂಜಿನ್. ಡೀಸೆಲ್ ಉರಿದು ಜನರೇಟರ್ ತಿರುಗುತ್ತದೆ. ಆ ಕರೆಂಟು ಆರು ಅಚ್ಚುಗಳ ಮೇಲಿರುವ ಮೋಟರಿಗೆ ಹೋಗುತ್ತದೆ. ಚಕ್ರ ತಿರುಗಿಸುವುದು ಮೋಟರು, ಡೀಸೆಲ್ ಅಲ್ಲ.

ಡ್ರೈವರ್ ಕೈಯಲ್ಲಿ ಇರುವ ಹಿಡಿಕೆಗೆ ಎಂಟು ಮೆಟ್ಟಿಲು. ಅವನ್ನು ನಾಚ್ ಅನ್ನುತ್ತಾರೆ. ಸುಮ್ಮನೆ ನಿಂತಾಗ ಡಬ್ಲ್ಯುಡಿಎಂ-2 ನಿಮಿಷಕ್ಕೆ 400 ಸುತ್ತು ತಿರುಗುತ್ತದೆ. ಎಂಟನೇ ನಾಚಿನಲ್ಲಿ 1,000 ಸುತ್ತು. ಒಂದೊಂದು ನಾಚ್ ಏರಿಸಿದಾಗಲೂ ಒಳಗೆ ಡೀಸೆಲ್ ಜಾಸ್ತಿ ಹೋಗುತ್ತದೆ. ಡೀಸೆಲ್ ಪೂರ್ತಿ ಉರಿಯಲು ಗಾಳಿಯೂ ಜಾಸ್ತಿ ಬೇಕು. ಆ ಗಾಳಿಯನ್ನು ಒತ್ತಿ ಒಳಗೆ ತಳ್ಳುವುದು ಟರ್ಬೋಚಾರ್ಜರ್. ಆಲ್ಕೋ ಇಂಜಿನ್ನಿನಲ್ಲಿ ಈ ಟರ್ಬೋ ತಿರುಗುವುದು ಹೊಗೆಯ ಒತ್ತಡದಿಂದಲೇ. ಅಂದರೆ ಮೊದಲು ಇಂಜಿನ್ ಜೋರಾಗಿ ಉರಿದು ಹೊಗೆ ಬಿಡಬೇಕು, ಆಮೇಲೆ ಟರ್ಬೋ ವೇಗ ಹಿಡಿಯಬೇಕು, ಆಮೇಲೆ ಗಾಳಿ ಬರಬೇಕು. ಈ ನಡುವಿನ ಕೆಲವು ಸೆಕೆಂಡು ಒಳಗೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಸೌದೆ ಒಲೆಗೆ ಒಮ್ಮೆಲೇ ಸೌದೆ ತುರುಕಿ ಊದದೆ ಬಿಟ್ಟರೆ ಏನಾಗುತ್ತದೋ ಅದೇ ಆಗುತ್ತದೆ. ಅರ್ಧ ಬೆಂದ ಮಸಿ ಕಪ್ಪಗೆ ಮೇಲೆ ಏಳುತ್ತದೆ. ರಾತ್ರಿ ಹೊತ್ತಲ್ಲಿ ಕೆಲವೊಮ್ಮೆ ಕಿಡಿ, ಸಣ್ಣ ಜ್ವಾಲೆಯೂ ಕಾಣುವುದುಂಟು. ಟರ್ಬೋ ವೇಗ ಹಿಡಿದ ಮೇಲೆ ಶಿಳ್ಳೆಯಂಥ ಸದ್ದು ಏರುತ್ತಾ ಹೋಗಿ ಹೊಗೆ ತಿಳಿಯಾಗುತ್ತದೆ.

ಹಾಗಾಗಿ ದೂರದಿಂದ ಹೊಗೆ ನೋಡಿದವನಿಗೆ ಡ್ರೈವರ್ ಏನು ಮಾಡಿದ ಅಂತ ಗೊತ್ತಾಗುತ್ತದೆ. ಈಗ ನಾಚ್ ಏರಿಸಿದ. ಈಗ ಟರ್ಬೋ ಹಿಡೀತು. ಈಗ ಚಕ್ರ ಜಾರಿತು, ಕೆಳಗಿಳಿಸಿದ. ಅಮೆರಿಕದ ರೈಲು ಪ್ರಿಯರು ಆಲ್ಕೋಗಳನ್ನು ತಮಾಷೆಗೆ 'ಗೌರವ ಉಗಿಬಂಡಿ' ಅಂತ ಕರೆಯುತ್ತಾರೆ. ಉಗಿಬಂಡಿ ಹೋದ ಮೇಲೂ ಹೊಗೆಯ ಮರ್ಯಾದೆ ಉಳಿಸಿದ್ದು ಇವೇ ಅನ್ನುವ ಅರ್ಥದಲ್ಲಿ.

ಇದರ ಎದುರು ಜನರಲ್ ಮೋಟಾರ್ಸ್ ವಿನ್ಯಾಸದ ಡಬ್ಲ್ಯುಡಿಜಿ-4 ಇಡಿ. 1999ರಿಂದ ಬಂದ 4,000 ಅಶ್ವಶಕ್ತಿಯ ಇಂಜಿನ್. ಮೊದಲು ನೆಲೆಸಿದ್ದು ನಮ್ಮ ಹುಬ್ಬಳ್ಳಿ ಶೆಡ್ಡಿನಲ್ಲಿ. ಇದರ ಟರ್ಬೋ ಶುರುವಿನಲ್ಲಿ ಗೇರಿನ ಮೂಲಕ ಇಂಜಿನ್ನಿನಿಂದಲೇ ತಿರುಗುತ್ತದೆ. ಹೊಗೆಯ ಒತ್ತಡ ಸಾಕಷ್ಟು ಬಂದ ಮೇಲೆ ಗೇರಿನ ಹಂಗು ಬಿಡುತ್ತದೆ. ಹಾಗಾಗಿ ಕಾಯುವ ಮಾತಿಲ್ಲ, ಮಸಿಯೂ ಕಮ್ಮಿ. ಇದು ಟೂ ಸ್ಟ್ರೋಕ್. ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಉರಿಯುತ್ತದೆ. ಆದ್ದರಿಂದ ಸದ್ದು ಒಂದೇ ಸಮನೆ ಗುಂಯ್ ಅನ್ನುತ್ತದೆ. ಆಲ್ಕೋ ಫೋರ್ ಸ್ಟ್ರೋಕ್. ಎರಡು ಸುತ್ತಿಗೊಮ್ಮೆ ಉರಿ. ನಿಂತಾಗ ಅದರ ಸದ್ದಿನಲ್ಲಿ ಬಿಡಿ ಬಿಡಿ ಬಡಿತ ಕೇಳುತ್ತದೆ, ತಾಳ ತಪ್ಪಿಸಿ ತಪ್ಪಿಸಿ ಬಾರಿಸಿದ ಹಾಗೆ. ಈ ಬಡಿತಕ್ಕೇ ಜನ ಮನಸೋತದ್ದು. ಇಂಜಿನಿಯರನ್ನು ಕೇಳಿದರೆ ಡಬ್ಲ್ಯುಡಿಜಿ-4 ಎಲ್ಲ ಲೆಕ್ಕದಲ್ಲೂ ಮೇಲು ಅನ್ನುತ್ತಾರೆ. ಅದು ಸರಿಯೇ. ಮೋಹ ಬೇರೆ, ಲೆಕ್ಕ ಬೇರೆ.

ಗೂಡ್ಸ್ ಗಾಡಿಯೇ ಯಾಕೆ

ಪ್ಯಾಸೆಂಜರ್ ಗಾಡಿಯಲ್ಲಿ ನಾವೇ ಕೂತಿರುತ್ತೇವೆ. ಇಂಜಿನ್ ಎಲ್ಲೋ ಮುಂದೆ. ಗೂಡ್ಸ್ ಗಾಡಿ ಹಾಗಲ್ಲ, ಅದನ್ನು ಹೊರಗಿನಿಂದಲೇ ನೋಡಬೇಕು. ಅದಕ್ಕೆ ಜನರಿಗೆ ತಿಳಿಯುವಂಥ ವೇಳಾಪಟ್ಟಿ ಇಲ್ಲ. ಯಾವಾಗ ಬರುತ್ತದೆ, ಯಾವ ಇಂಜಿನ್ ಬರುತ್ತದೆ, ಏನು ಹೊತ್ತು ಬರುತ್ತದೆ ಗೊತ್ತಿಲ್ಲ. ಈ ಅಂದಾಜಿನ ಆಟವೇ ಒಂದು ರುಚಿ. ಜತೆಗೆ ಇನ್ನೊಂದು ವಿಷಯ. ವಯಸ್ಸಾದ ಇಂಜಿನ್‌ಗಳನ್ನು ಮೇಲ್, ಎಕ್ಸ್‌ಪ್ರೆಸ್‌ನಿಂದ ಬಿಡಿಸಿ ಗೂಡ್ಸಿಗೆ, ಬಲ್ಲಾಸ್ಟು ಕಲ್ಲಿನ ಗಾಡಿಗೆ, ಶಂಟಿಂಗಿಗೆ ಹಾಕುವುದು ರೂಢಿ. ಹಳೆಯದು ಬೇಕು ಅನ್ನುವವರು ಗೂಡ್ಸ್ ಹಿಂದೆ ಹೋಗಲೇಬೇಕು.

ಎಲ್ಲಕ್ಕಿಂತ ದೊಡ್ಡ ಕಾರಣ ತೂಕ. ಬಾಕ್ಸ್‌ಎನ್ ಅನ್ನುವ 58 ತೆರೆದ ವ್ಯಾಗನ್ನುಗಳ ಕಲ್ಲಿದ್ದಲು ಅಥವಾ ಅದಿರಿನ ಗಾಡಿ ತುಂಬಿದಾಗ 4,500 ಟನ್ ದಾಟುತ್ತದೆ. ಉದ್ದನೆಯ ಎಕ್ಸ್‌ಪ್ರೆಸ್ ಇದರ ಮೂರನೇ ಒಂದು ಪಾಲು ತೂಗಿದರೆ ಹೆಚ್ಚು. ಎಕ್ಸ್‌ಪ್ರೆಸ್ ಹೊರಟರೆ ಒಂದು ನಿಮಿಷದಲ್ಲಿ ಮಾಯ. ತುಂಬಿದ ಗೂಡ್ಸ್ ಹೊರಡುವುದೇ ಒಂದು ಪ್ರಸಂಗ.

ಸಣ್ಣ ಸ್ಟೇಷನ್ನೊಂದರ ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ಗಾಡಿ ನಿಂತಿದೆ ಅಂದುಕೊಳ್ಳಿ. ಎದುರಿನ ಎಕ್ಸ್‌ಪ್ರೆಸ್ ದಾಟಿ ಹೋಯಿತು. ಹೊರಡಲು ಹೇಳುವ ಸ್ಟಾರ್ಟರ್ ಸಿಗ್ನಲ್ ಬಿತ್ತು. ಮೊದಲು ಬ್ರೇಕ್ ಬಿಡಬೇಕು. ಇಂಜಿನ್ನಿನಿಂದ ಕೊನೆಯ ವ್ಯಾಗನ್‌ವರೆಗೆ ಓಡುವ ಪೈಪಿನಲ್ಲಿ ಗಾಳಿಯ ಒತ್ತಡ ತುಂಬಿದರೆ ಬ್ರೇಕ್ ಬಿಡುತ್ತದೆ. ಮುಕ್ಕಾಲು ಕಿಲೋಮೀಟರಿಗೆ ಹತ್ತಿರದ ಉದ್ದ. ವ್ಯಾಗನ್ನಿನಿಂದ ವ್ಯಾಗನ್ನಿಗೆ ಬುಸ್ ಬುಸ್ ಅನ್ನುವ ಸದ್ದು ಹಿಂದಕ್ಕೆ ಸರಿಯುತ್ತದೆ. ಆಮೇಲೆ ಹಾರ್ನ್. ಒಂದನೇ ನಾಚ್. ಇಂಜಿನ್ ಒಂದಿಷ್ಟು ಮುಂದೆ ಹೋಗಿ ತಡೆಯುತ್ತದೆ. ವ್ಯಾಗನ್ನುಗಳನ್ನು ಜೋಡಿಸುವ ಕಪ್ಲಿಂಗುಗಳ ನಡುವೆ ಇರುವ ಸಡಿಲ ಒಂದೊಂದಾಗಿ ಬಿಗಿಯಾಗುತ್ತಾ ಠಣ್ ಠಣ್ ಠಣ್ ಅಂತ ಹಿಂದಕ್ಕೆ ಓಡುತ್ತದೆ. ಆ ಸದ್ದು ನಿಮ್ಮನ್ನು ದಾಟಿ ಹಿಂದಿನ ಬ್ರೇಕ್ ವ್ಯಾನ್ ಮುಟ್ಟುವಷ್ಟರಲ್ಲಿ ಮುಂದೆ ಎರಡನೇ, ಮೂರನೇ ನಾಚ್ ಬಿದ್ದಿರುತ್ತದೆ. ಮೇಲೆ ಕಪ್ಪು ಮೋಡ ಎದ್ದಿರುತ್ತದೆ. ಮಳೆಗಾಲವಾದರೆ ಚಕ್ರ ಜಾರುತ್ತದೆ. ಜಾರಿದ್ದು ಕ್ಯಾಬಿನೊಳಗೆ ದೀಪ ಹತ್ತಿ ಗೊತ್ತಾಗುತ್ತದೆ, ಹೊರಗಿನವರಿಗೆ ಕೀರಲು ಸದ್ದಿನಿಂದ. ಡ್ರೈವರ್ ಚಕ್ರದ ಮುಂದೆ ಮರಳು ಬಿಡುತ್ತಾನೆ, ಮತ್ತೆ ಏರಿಸುತ್ತಾನೆ. ಐದು ನಿಮಿಷವಾದರೂ ಗಾಡಿ ಇನ್ನೂ ಸ್ಟೇಷನ್ನಿನಲ್ಲೇ ಇರುತ್ತದೆ. ಕೊನೆಗೆ ಬ್ರೇಕ್ ವ್ಯಾನ್ ಹಾದುಹೋಗುವಾಗ ಗಾರ್ಡ್ ಹಸಿರು ಬಾವುಟ ಹಿಡಿದು ನಿಂತಿರುತ್ತಾನೆ, ಸ್ಟೇಷನ್ ಕಡೆಯಿಂದಲೂ ಹಸಿರು ತೋರಿಸುತ್ತಾರೆ. ಈಗ ಗಾರ್ಡನ್ನು ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ, 2022ರಿಂದ. ಊರಿನ ಬಾಯಲ್ಲಿ ಇನ್ನೂ ಗಾರ್ಡೇ.

ಒಂಟಿ ಹಳಿಯ ಮಾರ್ಗಗಳಲ್ಲಿ ಇದಕ್ಕೆ ಟೋಕನ್ ಬೇರೆ ಇತ್ತು. ಮುಂದಿನ ಸ್ಟೇಷನ್‌ವರೆಗೆ ಹಳಿ ನಿನ್ನದೇ ಅನ್ನುವುದಕ್ಕೆ ಲೋಹದ ಒಂದು ಗುಂಡು. ಅದನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಓಡುವ ಗಾಡಿಗೆ ಎತ್ತಿ ಹಿಡಿಯುತ್ತಿದ್ದರು. ಅಸಿಸ್ಟೆಂಟ್ ಡ್ರೈವರ್ ಹಳೆಯ ಬಳೆಯನ್ನು ಪ್ಲಾಟ್‌ಫಾರ್ಮಿಗೆ ಎಸೆದು, ಹೊಸದನ್ನು ತೋಳು ತೂರಿಸಿ ಹಿಡಿಯುತ್ತಿದ್ದ. ತಪ್ಪಿದರೆ ಗಾಡಿ ನಿಲ್ಲಿಸಿ ಇಳಿದು ಹೋಗಿ ತರಬೇಕು. ತುಂಬಿದ ಗೂಡ್ಸನ್ನು ಹೀಗೆ ನಿಲ್ಲಿಸಿದರೆ ಮತ್ತೆ ಹೊರಡಿಸುವ ಪಾಡು ಮೇಲೆ ಹೇಳಿದೆನಲ್ಲ.

ಘಾಟಿಯ ಲೆಕ್ಕ

ಕರ್ನಾಟಕದ ರೈಲು ಪ್ರಿಯರಿಗೆ ಈ ಮೋಹ ಗಟ್ಟಿಯಾಗಿ ಅಂಟಿದ್ದು ಎರಡು ಘಾಟಿಗಳಿಂದ. ಒಂದು ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗಿನ ಬ್ರಗಾಂಜಾ ಘಾಟಿ. ಇನ್ನೊಂದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನದು.

ಬ್ರಗಾಂಜಾ ಘಾಟಿಯ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ರಸ್ತೆಯಲ್ಲಿ ಇದು ಏನೇನೂ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಇದು ಬೆಟ್ಟವೇ. ಒಂದು ಲೆಕ್ಕ ಹಾಕೋಣ. ಗಾಡಿ 4,000 ಟನ್ ಇದೆ ಅಂದುಕೊಳ್ಳಿ. ಏರನ್ನು ಗೆಲ್ಲಲು ಮಾತ್ರವೇ ಅದರ 37ರಲ್ಲಿ ಒಂದು ಪಾಲು, ಅಂದರೆ ಸುಮಾರು 108 ಟನ್ ಎಳೆತ ಬೇಕು. ಡಬ್ಲ್ಯುಡಿಜಿ-3ಎ ಹೊರಡುವಾಗ ಹೆಚ್ಚೆಂದರೆ 38 ಟನ್ ಎಳೆಯುತ್ತದೆ. ಮೂರು ಕಟ್ಟಿದರೆ 114. ಕಾಗದದ ಮೇಲೆ ಸಾಕು. ಆದರೆ ತಿರುವಿನ ಉಜ್ಜಾಟ, ಇಂಜಿನ್ನುಗಳದೇ ತೂಕ, ಮಳೆಯಲ್ಲಿ ನೆನೆದ ಹಳಿ, ಇವೆಲ್ಲ ಲೆಕ್ಕಕ್ಕೆ ಬಂದರೆ ಸಾಲದು. ಸಾಲದ್ದಕ್ಕೆ ಹೊರಡುವಾಗಿನ ಎಳೆತ ಉದ್ದಕ್ಕೂ ಇರುವುದಿಲ್ಲ. ಹೊತ್ತು ಹೋದಂತೆ ಮೋಟರು ಬಿಸಿಯಾಗುತ್ತದೆ, ಎಳೆತ ಇಳಿಸಲೇಬೇಕು. ಎಲ್ಲ ಎಳೆತವೂ ಮುಂದಿನಿಂದಲೇ ಬಂದರೆ ಮೊದಲ ಕಪ್ಲಿಂಗ್ ಕಿತ್ತುಹೋಗುವ ಭಯ ಬೇರೆ. ಅದಕ್ಕೇ ಹಿಂದಿನಿಂದ ತಳ್ಳಲು ಇಂಜಿನ್ ಹಾಕುತ್ತಾರೆ. ಇವಕ್ಕೆ ಬ್ಯಾಂಕರ್ ಅಂತ ಹೆಸರು.

ಮುಂದೆ ಇಂಜಿನ್, ಹಿಂದೆ ಇಂಜಿನ್, ನಡುವೆ ಮುಕ್ಕಾಲು ಕಿಲೋಮೀಟರಿಗೆ ಹತ್ತಿರದ ಗಾಡಿ. ಘಾಟಿಯ ತಿರುವಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಾರ್ನಿನ ಸನ್ನೆ, ವಾಕಿಟಾಕಿ, ಮತ್ತೆ ವರ್ಷಗಳ ಅಭ್ಯಾಸ. ಗಂಟೆಗೆ 20-30 ಕಿ.ಮೀ. ವೇಗದಲ್ಲಿ ಎಲ್ಲ ಇಂಜಿನ್‌ಗಳೂ ಎಂಟನೇ ನಾಚಿನಲ್ಲಿ. ಕಣಿವೆಯಲ್ಲಿ ಆ ಸದ್ದು ಗಾಡಿಗಿಂತ ಎಷ್ಟೋ ಮುಂಚೆ ಬರುತ್ತದೆ, ತಿರುವಿನಲ್ಲಿ ಕಮ್ಮಿಯಾಗುತ್ತದೆ, ಸುರಂಗದಲ್ಲಿ ಮುಚ್ಚಿಹೋಗುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ಕರಂಜೋಳ, ದೂಧ್‌ಸಾಗರ, ಸೊನಾಲಿಂ ಅಂತ ಸ್ಟೇಷನ್ನಿನ ಹೆಸರು ಹೇಳಿದರೆ ಸಾಕು, ಗೊತ್ತಿರುವವರ ಕಿವಿ ನೆಟ್ಟಗಾಗುತ್ತದೆ.

ಇಳಿಯುವುದು ಏರುವುದಕ್ಕಿಂತ ಕಷ್ಟ. ಬಳ್ಳಾರಿ-ಹೊಸಪೇಟೆ ಕಡೆಯ ಅದಿರು ಮರ್ಮಗೋವಾ ಬಂದರಿಗೆ ಹೋಗುವಾಗ ತುಂಬಿದ ಗಾಡಿ ಇಳಿಯುತ್ತಿತ್ತು. ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬರುವಾಗ ತುಂಬಿದ ಗಾಡಿ ಏರುತ್ತದೆ. ಇಳಿಯುವಾಗ ಬರೀ ಚಕ್ರಕ್ಕೆ ಒತ್ತುವ ಬ್ರೇಕ್ ಬ್ಲಾಕನ್ನು ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಅದಕ್ಕೆ ಡೈನಮಿಕ್ ಬ್ರೇಕ್ ಇದೆ. ಮೋಟರುಗಳನ್ನೇ ಜನರೇಟರಿನ ಹಾಗೆ ತಿರುಗಿಸುತ್ತಾರೆ. ಗಾಡಿಯ ಓಟ ಕರೆಂಟಾಗುತ್ತದೆ, ಆ ಕರೆಂಟನ್ನು ಇಂಜಿನ್ನಿನೊಳಗಿನ ಗ್ರಿಡ್ ಅನ್ನುವ ಲೋಹದ ಪಟ್ಟಿಗಳಲ್ಲಿ ಬಿಸಿಯಾಗಿಸಿ ಗಾಳಿಗೆ ಬಿಡುತ್ತಾರೆ. ಆಗ ತಂಪು ಮಾಡುವ ಫ್ಯಾನ್ ಊಳಿಡುವ ಸದ್ದೇ ಬೇರೆ. ಹೊಗೆ ಇಲ್ಲದೆ ಬರೀ ಆ ಊಳು ಕೇಳಿದರೆ ಗಾಡಿ ಇಳಿಯುತ್ತಿದೆ ಅಂತ ಅರ್ಥ. ಇದೂ ಕೈಕೊಟ್ಟರೆ ಅಂತ ಹಳಿಯ ಪಕ್ಕದಲ್ಲಿ ಕ್ಯಾಚ್ ಸೈಡಿಂಗ್ ಇಟ್ಟಿದ್ದಾರೆ, ತಪ್ಪಿಸಿಕೊಂಡ ಗಾಡಿ ಏರು ಹತ್ತಿ ತಾನೇ ನಿಲ್ಲಲಿ ಅಂತ.

ಸಕಲೇಶಪುರದ ಘಾಟಿ ಇಷ್ಟು ಕಡಿದಲ್ಲ. 50ಕ್ಕೆ 1. ಆದರೆ ಉದ್ದ ಜಾಸ್ತಿ, ಸುಮಾರು 55 ಕಿ.ಮೀ., 50ಕ್ಕೂ ಹೆಚ್ಚು ಸುರಂಗ, 100ಕ್ಕೂ ಹೆಚ್ಚು ಸೇತುವೆ. 1979ರಲ್ಲಿ ಮೀಟರ್ ಗೇಜಾಗಿ ಶುರುವಾಯಿತು. 1990ರ ದಶಕದಲ್ಲಿ ಹಳಿ ಬದಲಿಸಲು ಮುಚ್ಚಿದ್ದು, ಬ್ರಾಡ್ ಗೇಜಾಗಿ ತೆರೆದದ್ದು 2006ರಲ್ಲಿ. ಮೊದಲು ಬಂದದ್ದು ಗೂಡ್ಸ್ ಗಾಡಿಗಳೇ. ಪ್ಯಾಸೆಂಜರ್ ಗಾಡಿಗೆ ಮುಂದಿನ ವರ್ಷದ ಕೊನೆವರೆಗೆ ಕಾಯಬೇಕಾಯಿತು. ಈ ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿಗೆ ಹಳಿಯ ಮೇಲೆ ನಡೆದು ಹೋಗಿ ಬಂದ ಒಂದು ತಲೆಮಾರೇ ನಮ್ಮಲ್ಲಿದೆ. ಅದು ಕಾನೂನಿಗೆ ವಿರುದ್ಧ, ಅಪಾಯ ಕೂಡ. ಈಗ ಬಿಡುವುದೂ ಇಲ್ಲ.

ಕರಾವಳಿಯವರಿಗೆ ಇನ್ನೊಂದು ನೋಟ ಇದೆ. ಕೊಂಕಣ ರೈಲ್ವೆಯ ರೋರೋ ಗಾಡಿ. ಚಪ್ಪಟೆ ವ್ಯಾಗನ್ನಿನ ಮೇಲೆ ಲಾರಿಗಳು ಸಾಲಾಗಿ ನಿಂತು ಸುರತ್ಕಲ್‌ನಿಂದ ಕೋಲಾಡದ ಕಡೆ ಹೋಗುವುದು, ವಿದ್ಯುತ್ ತಂತಿ ಬರುವ ಮುಂಚೆ ಮುಂದೆ ಜೋಡಿ ಡೀಸೆಲ್. ಲಾರಿ ಡ್ರೈವರ್ ತನ್ನ ಲಾರಿಯ ಕ್ಯಾಬಿನಲ್ಲೇ ಕಾಲು ಚಾಚಿ ಕೂತು ಶರಾವತಿ ದಾಟುವುದು. ಇದನ್ನು ನೋಡಿ ಬೆಳೆದವರಿಗೆ ಡೀಸೆಲ್ ಗೂಡ್ಸ್ ಅಂದರೆ ಅದೇ.

ಶೆಡ್ಡಿನ ಬಣ್ಣ, ಕ್ಯಾಬಿನ ಬೆವರು

ಇನ್ನೊಂದು ವಿಷಯ ಜನ ನೆನೆಸುವುದು ಬಣ್ಣ. ಪ್ರತಿ ಇಂಜಿನ್ನಿಗೂ ಒಂದು ಮನೆ ಇರುತ್ತದೆ, ಅದೇ ಶೆಡ್. ಅಲ್ಲಿಯೇ ಅದರ ತಪಾಸಣೆ, ರಿಪೇರಿ. 1983ರಲ್ಲಿ ಶುರುವಾದ ಕೃಷ್ಣರಾಜಪುರದ ಶೆಡ್ಡಿಗೆ ಕೆಜೆಎಂ ಅಂತ ಗುರುತು, ಹುಬ್ಬಳ್ಳಿಗೆ ಯುಬಿಎಲ್. ಗುತ್ತಿ, ಗುಂತಕಲ್, ಈರೋಡ್, ಪುಣೆ, ಹೀಗೆ ಪ್ರತಿ ಶೆಡ್ಡೂ ತನಗಿಷ್ಟವಾದ ಬಣ್ಣ, ಪಟ್ಟೆ ಬಳಿಯುತ್ತಿತ್ತು. ದೂರದಿಂದ ಮೂತಿ ಕಂಡರೆ ಸಾಕು, ಯಾವ ಊರಿನದು ಅಂತ ಹೇಳಬಹುದಿತ್ತು. ಬಣ್ಣವಷ್ಟೇ ಅಲ್ಲ, ರಿಪೇರಿಯ ಕೈಗುಣವೂ ಬೇರೆ ಬೇರೆ. ಒಂದೇ ನಕ್ಷೆಯ ಇಂಜಿನ್‌ಗಳು ಇಪ್ಪತ್ತು ವರ್ಷ ಕಳೆದ ಮೇಲೆ ಒಂದರ ಹಾಗೆ ಒಂದು ಇರುತ್ತಿರಲಿಲ್ಲ. ಡಬ್ಲ್ಯುಡಿಎಂ-2ಗಳ ಒಂದು ಕಂತಿಗೆ ಕ್ಯಾಬಿನ ಮುಂದಿನ ಮೋಟು ಮೂತಿ ತಗ್ಗಿಸಿ, ಕಿಟಕಿ ದೊಡ್ಡದು ಮಾಡಿದ್ದರು. ಅವಕ್ಕೆ ಜಂಬೋ ಅಂತ ಹೆಸರು ಬಿತ್ತು. ಜಂಬೋ ಸಿಕ್ಕರೆ ಫೋಟೋ ತೆಗೆಯದೆ ಬಿಡುತ್ತಿರಲಿಲ್ಲ.

ಆ ಕಿಟಕಿಯ ಮಾತು ಬಂದದ್ದು ಒಳ್ಳೆಯದಾಯಿತು. ಒಳಗೆ ಕೂತವರ ಕಥೆ ಬೇರೆ. ಆಲ್ಕೋಗಳಿಗೆ ಕ್ಯಾಬಿನ್ ಒಂದೇ, ಒಂದು ತುದಿಗೆ ಹತ್ತಿರ. ಉದ್ದ ಮೂತಿ ಮುಂದಾಗಿ ಓಡಿದರೆ ಡ್ರೈವರ್ ತನ್ನ ಇಂಜಿನ್ನಿನ ಉದ್ದವನ್ನೇ ನೋಡುತ್ತಾ ಕೂರಬೇಕು. ತಿರುವಿನಲ್ಲಿ ಸಿಗ್ನಲ್ ಅವನಿಗೆ ಕಾಣುವುದಿಲ್ಲ, ಅಸಿಸ್ಟೆಂಟ್ ಕೂಗಿ ಹೇಳಬೇಕು. ಬೆನ್ನಿಗೆ ಇಂಜಿನ್ನಿನ ಬಿಸಿ, ಎಂಟನೇ ನಾಚಿನ ಗದ್ದಲ, ಶೌಚಾಲಯ ಇಲ್ಲ. ಬ್ಯಾಂಕರಿನಲ್ಲಿ ಇದ್ದವರಿಗೆ ಸುರಂಗದೊಳಗೆ ಮುಂದಿನ ಇಂಜಿನ್‌ಗಳು ಬಿಟ್ಟ ಹೊಗೆಯೇ ಉಸಿರು. ನಮಗೆ ದೂರದಿಂದ ಚಂದ ಕಂಡದ್ದು ಅವರ ಶ್ವಾಸಕೋಶಕ್ಕೆ ಹೋಗಿದೆ. ರೈಲು ಪ್ರಿಯರಲ್ಲಿ ಇದನ್ನು ಒಪ್ಪದವರು ಕಮ್ಮಿ. ಒಪ್ಪಿಕೊಂಡೂ ಹಂಬಲಿಸುತ್ತಾರೆ, ಅದೇ ವಿಶೇಷ.

ತಂತಿ ಬಂದ ಮೇಲೆ

2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಉಳಿದ ಬ್ರಾಡ್ ಗೇಜ್ ಮಾರ್ಗಗಳಿಗೆಲ್ಲ ವಿದ್ಯುತ್ ತಂತಿ ಎಳೆಯಲು ಒಪ್ಪಿಗೆ ಕೊಟ್ಟಿತು. ಆಗ ಬಾಕಿ ಇದ್ದದ್ದು 13,675 ಕಿ.ಮೀ. ಅಲ್ಲಿಂದ ಕೆಲಸ ಓಡಿತು. 2022ರ ಜೂನ್‌ನಲ್ಲಿ ಇಡೀ ಕೊಂಕಣ ರೈಲ್ವೆಗೆ ತಂತಿ ಬಂದದ್ದನ್ನು ಬೆಂಗಳೂರಿನ ಕಾರ್ಯಕ್ರಮದಲ್ಲೇ ಘೋಷಿಸಿದರು. ಈಗ ಡಬ್ಲ್ಯುಎಜಿ-9 ಅನ್ನುವ ವಿದ್ಯುತ್ ಇಂಜಿನ್ ಒಂದೇ 6,000 ಅಶ್ವಶಕ್ತಿ. ಬಿಹಾರದ ಮಾಧೇಪುರದಲ್ಲಿ ತಯಾರಾಗುವ ಡಬ್ಲ್ಯುಎಜಿ-12 ಜೋಡಿಗೆ 12,000. ಇಳಿಯುವಾಗ ಬ್ರೇಕ್ ಹಾಕಿದರೆ ಆ ಕರೆಂಟು ಬಿಸಿಯಾಗಿ ಹಾಳಾಗದೆ ವಾಪಸ್ ತಂತಿಗೆ ಹೋಗುತ್ತದೆ. ದುಡ್ಡಿನ ಲೆಕ್ಕದಲ್ಲಿ, ಗಾಳಿಯ ಲೆಕ್ಕದಲ್ಲಿ ಇದಕ್ಕೆ ಎದುರಾಡುವ ಹಾಗಿಲ್ಲ.

ಬನಾರಸ್ಸಿನವರು ಒಂದು ತಮಾಷೆಯ ಕೆಲಸವನ್ನೂ ಮಾಡಿದರು. ಎರಡು ಡಬ್ಲ್ಯುಡಿಜಿ-3ಎ ಡೀಸೆಲ್‌ಗಳ ಒಳಗಿನ ಇಂಜಿನ್ ಕಿತ್ತು, ವಿದ್ಯುತ್ ಸಾಮಾನು ಹಾಕಿ, ಬೆನ್ನಿಗೆ ಬೆನ್ನು ಕಟ್ಟಿ 10,000 ಅಶ್ವಶಕ್ತಿಯ ವಿದ್ಯುತ್ ಇಂಜಿನ್ ಮಾಡಿದರು. 2019ರ ಫೆಬ್ರವರಿಯಲ್ಲಿ ವಾರಾಣಸಿಯಲ್ಲೇ ಪ್ರಧಾನಿ ಅದಕ್ಕೆ ಹಸಿರು ಬಾವುಟ ತೋರಿಸಿದರು. ಪ್ರಯೋಗ ದೊಡ್ಡದಾಗಿ ಬೆಳೆಯಲಿಲ್ಲ. ರೈಲು ಪ್ರಿಯರಿಗೆ ಅದನ್ನು ನೋಡಿ ಖುಷಿಪಡಬೇಕೋ ಬೇಸರ ಪಡಬೇಕೋ ಗೊತ್ತಾಗಲಿಲ್ಲ. ಶಕ್ತಿ ಒಂದೂವರೆ ಪಟ್ಟು ದಾಟಿತ್ತು, ಬಡಿತ ಹೋಗಿತ್ತು.

ಇದೇ ಡೀಸೆಲ್‌ಗಳನ್ನು ಕಂಡರೆ ಒಂದು ಕಾಲದಲ್ಲಿ ರೈಲು ಪ್ರಿಯರಿಗೆ ಆಗುತ್ತಿರಲಿಲ್ಲ ಅನ್ನುವುದನ್ನು ಮರೆಯಬಾರದು. 1990ರ ದಶಕದ ಮಧ್ಯದಲ್ಲಿ ಬ್ರಾಡ್ ಗೇಜಿನ ಉಗಿಬಂಡಿಗಳು ನಿಂತಾಗ ಹಿರಿಯರು ಬೈದದ್ದು ಡೀಸೆಲ್ಲಿಗೇ. ಪೆಟ್ಟಿಗೆ, ಡಬ್ಬ, ಜೀವ ಇಲ್ಲದ್ದು ಅಂತ. ಈಗ ಆ ಡಬ್ಬದಲ್ಲೇ ಜೀವ ಕಾಣುತ್ತಿದ್ದಾರೆ. ಡಬ್ಲ್ಯುಎಜಿ-9 ಹಿಂದೆ ಬೆಳೆಯುವ ಹುಡುಗರು ಅದರ ಮೋಟರು ಹೊರಡುವಾಗ ಬರುವ ಏರುದನಿಯನ್ನು ಈಗಾಗಲೇ ರೆಕಾರ್ಡ್ ಮಾಡುತ್ತಿದ್ದಾರೆ. ನನಗೆ ಅದರಲ್ಲಿ ಆ ರುಚಿ ಸಿಗುವುದಿಲ್ಲ, ಆದರೆ ಉಗಿಬಂಡಿಯವರೂ ಹೀಗೇ ಹೇಳಿದ್ದರು.

ಹಾಗಾದರೆ ಈಗ ಎಲ್ಲಿ ಸಿಗುತ್ತದೆ? ಆಲ್ಕೋ ಕಳಿಸಿದ ಮೊದಲ ಡಬ್ಲ್ಯುಡಿಎಂ-2, 18040 ಸಂಖ್ಯೆಯದು, ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿದೆ. ನಿಂತಿದೆ, ಸದ್ದಿಲ್ಲ. ನಮ್ಮ ಸಂಗ್ರಹಾಲಯಗಳಿಗೆ ಉಗಿಬಂಡಿಯ ಮೇಲೆ ಇರುವಷ್ಟು ಅಕ್ಕರೆ ಡೀಸೆಲ್ ಮೇಲೆ ಇನ್ನೂ ಬಂದಿಲ್ಲ, ಅದು ಬರುವಷ್ಟರಲ್ಲಿ ಗುಜರಿ ಹರಾಜು ಮುಗಿದಿರಬಾರದು ಅಷ್ಟೇ. ಸದ್ದೇ ಬೇಕು ಅನ್ನುವವರಿಗೆ ಶ್ರೀಲಂಕಾ ಹತ್ತಿರ. 1990ರ ದಶಕದಲ್ಲಿ ಬನಾರಸ್ಸಿನಿಂದ ಹೋದ ಎಂ-8 ಇಂಜಿನ್‌ಗಳು ಡಬ್ಲ್ಯುಡಿಎಂ-2ರ ದಾಯಾದಿಗಳೇ. ದುಡ್ಡಿದ್ದರೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಬಹುದು. ಅಲ್ಲಿನ ಸ್ಕ್ರ್ಯಾಂಟನ್ ಊರಿನ ಡೆಲವೇರ್-ಲ್ಯಾಕವಾನಾ ಅನ್ನುವ ಸಣ್ಣ ರೈಲು ಕಂಪನಿ ಆಲ್ಕೋಗಳನ್ನೇ ನೆಚ್ಚಿಕೊಂಡು ಗೂಡ್ಸ್ ಓಡಿಸಿ ಹೆಸರು ಮಾಡಿದೆ. ಜಗತ್ತಿನ ಆಲ್ಕೋ ಪ್ರಿಯರು ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುತ್ತಾರೆ. ಸ್ಕೆನೆಕ್ಟಡಿಯಿಂದ ಅದು ಅಂಥ ದೂರವೇನಲ್ಲ.